ಜಾಂಗೊ 5.2: ಕನ್ನಡ, ತುಳು ವೆಬ್‌ಸೈಟ್ ನಡೆಸುವವರು ತಿಳಿದಿರಬೇಕಾದದ್ದು

ಜಾಂಗೊ ಫ್ರೇಮ್‌ವರ್ಕ್‌ನ 4.2 ಆವೃತ್ತಿಯಲ್ಲಿ ಕಟ್ಟಿದ ವೆಬ್‌ಸೈಟ್ ನಿಮ್ಮಲ್ಲಿದ್ದರೆ ಒಂದು ಗಡುವನ್ನು ನೆನಪಿಡಬೇಕು: 2026ರ ಏಪ್ರಿಲ್. ಆ ಆವೃತ್ತಿಗೆ ಭದ್ರತಾ ತಿದ್ದುಪಡಿ ಸಿಗುವುದು ಅಲ್ಲಿಯವರೆಗೆ ಮಾತ್ರ. ಅದರಾಚೆಗೂ ಸೈಟ್ ತೆರೆದುಕೊಳ್ಳುತ್ತದೆ, ಫಾರ್ಮ್ ತುಂಬಿಸಬಹುದು, ರಶೀದಿ ಬರುತ್ತದೆ. ಹಾಗಾಗಿ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಮುಂದೆ ಯಾವ ಲೋಪ ಪತ್ತೆಯಾದರೂ ಆ ಆವೃತ್ತಿಗೆ ಜಾಂಗೊ ತಂಡದಿಂದ ತೇಪೆ ಬರುವುದಿಲ್ಲ. 2025ರ ಏಪ್ರಿಲ್ 2ರಂದು ಬಿಡುಗಡೆಯಾದ 5.2ಕ್ಕೆ 2028ರ ಏಪ್ರಿಲ್‌ವರೆಗೆ ಬೆಂಬಲ ಉಂಟು. ಮೂರು ವರ್ಷದ ಈ ನೆಮ್ಮದಿಯೇ ಹೊಸ ಆವೃತ್ತಿಯ ಮೊದಲನೆಯ ಲಾಭ.

ಉಡುಪಿ ಜಿಲ್ಲೆಯಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಮಣಿಪಾಲದ ಎಂಐಟಿ 1957ರಿಂದ, ಕಾರ್ಕಳ ತಾಲೂಕಿನ ನಿಟ್ಟೆಯ ಎನ್‌ಎಂಎಎಂಐಟಿ 1986ರಿಂದ, ಕಾಪು ತಾಲೂಕಿನ ಬಂಟಕಲ್ಲಿನ ಮಧ್ವ ವಾದಿರಾಜ ತಾಂತ್ರಿಕ ಕಾಲೇಜು 2010ರಿಂದ ಎಂಜಿನಿಯರ್‌ಗಳನ್ನು ತಯಾರು ಮಾಡುತ್ತ ಬಂದಿವೆ. ಪೈಥಾನ್ ಕಲಿತವರಿಗೆ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಜಾಂಗೊ ಕೈಗೆಟಕುವ ಆಯ್ಕೆ. ಊರಿನ ದೇವಸ್ಥಾನ, ಸಹಕಾರಿ ಸಂಘ, ಯಕ್ಷಗಾನ ಮೇಳ, ಕಡಲ ಬದಿಯ ಹೋಮ್‌ಸ್ಟೇಗಳ ಸೈಟ್‌ಗಳನ್ನೂ ಎಷ್ಟೋ ಸಲ ಇಂಥ ವಿದ್ಯಾರ್ಥಿಗಳೋ ಇಬ್ಬರು ಮೂವರ ಸಣ್ಣ ಸಂಸ್ಥೆಯೋ ಮಾಡಿಕೊಟ್ಟಿರುತ್ತದೆ. ಮಾಡಿಕೊಟ್ಟವರು ಕೆಲಸ ಸಿಕ್ಕಿ ಬೆಂಗಳೂರಿಗೋ ದುಬೈಗೋ ಹೋದ ಮೇಲೆ ಸೈಟ್ ನೋಡಿಕೊಳ್ಳಲು ಜನವಿಲ್ಲ. ಅಂಥ ಸೈಟ್‌ಗೆ ಬೇಕಾದದ್ದು ಎಂಟು ತಿಂಗಳಿಗೊಮ್ಮೆ ಬದಲಾಗುವ ಹೊಸ ಸವಲತ್ತುಗಳಲ್ಲ. ಒಮ್ಮೆ ಸರಿಯಾಗಿ ಕೂರಿಸಿದರೆ ವರ್ಷಗಟ್ಟಲೆ ನಿಲ್ಲುವ ತಳಪಾಯ.

ಜಾಂಗೊ ಹುಟ್ಟಿದ್ದೂ ಒಂದು ಸಣ್ಣ ಊರಿನಲ್ಲೇ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಸ್ಥಳೀಯ ಪತ್ರಿಕೆಯ ಕಚೇರಿಯಲ್ಲಿ 2003ರಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲ್ಲಿಸನ್ ಇದನ್ನು ಕಟ್ಟಲು ತೊಡಗಿದರು. 2005ರಲ್ಲಿ ಎಲ್ಲರ ಬಳಕೆಗೆ ಬಿಟ್ಟರು. ಸಂಜೆಯೊಳಗೆ ಹೊಸ ಪುಟ ಬೇಕು, ಸುದ್ದಿ ತುಂಬುವವರಿಗೆ ಪ್ರೋಗ್ರಾಮಿಂಗ್ ಬರುವುದಿಲ್ಲ: ಸುದ್ದಿಮನೆಯ ಈ ಒತ್ತಡದಿಂದಲೇ ಜಾಂಗೊದ ಹೆಗ್ಗಳಿಕೆಯಾದ ಅಡ್ಮಿನ್ ಪುಟ ಬಂತು. 1970ರಿಂದ ಉದಯವಾಣಿ ಅಚ್ಚಾಗುತ್ತಿರುವ ಮಣಿಪಾಲದವರಿಗೆ ಆ ಒತ್ತಡವನ್ನು ಬಿಡಿಸಿ ಹೇಳಬೇಕಿಲ್ಲ.

5.2 ಸಾಕೇ, 6.0 ಬೇಕೇ?

2025ರ ಡಿಸೆಂಬರ್‌ನಲ್ಲಿ 6.0 ಕೂಡ ಬಂದಿದೆ. ಸಂಖ್ಯೆ ದೊಡ್ಡದಾದ್ದರಿಂದ ಅದೇ ಒಳ್ಳೆಯದು ಎಂದು ತೋರುವುದು ಸಹಜ. ಆದರೆ ಜಾಂಗೊದಲ್ಲಿ ದೀರ್ಘಾವಧಿ ಬೆಂಬಲ ಸಿಗುವುದು 2ರಲ್ಲಿ ಕೊನೆಗೊಳ್ಳುವ ಆವೃತ್ತಿಗಳಿಗೆ: 3.2, 4.2, 5.2. ಮುಂದಿನದು 2027ರ ಏಪ್ರಿಲ್‌ಗೆ ನಿಗದಿಯಾಗಿರುವ 6.2. ನಡುವಿನ 6.0ಕ್ಕೆ ಭದ್ರತಾ ಬೆಂಬಲ 2027ರ ಏಪ್ರಿಲ್‌ಗೇ ಮುಗಿಯುತ್ತದೆ. ಸೈಟ್‌ಗೆ ಕಾಯಂ ತಂತ್ರಜ್ಞರಿದ್ದು ವರ್ಷಕ್ಕೊಮ್ಮೆ ಮೇಲ್ದರ್ಜೆಗೇರಿಸುವ ಶಿಸ್ತಿದ್ದರೆ 6.0ಕ್ಕೆ ಹೋಗಿ. ಉಳಿದವರೆಲ್ಲ 5.2ರಲ್ಲಿ ನಿಂತು, ಅಲ್ಲಿಂದ ನೇರ 6.2ರ ಕಡೆಗೆ ನೋಡುವುದು ಲೇಸು. ಈಗ ಓದುತ್ತಿರುವ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆ 6.0 ಬಳಸಲಿ, ಕಲಿಯಲಿ. ಅದೇ ಪ್ರಾಜೆಕ್ಟನ್ನು ಯಾವುದಾದರೂ ಸಂಸ್ಥೆಗೆ ಬಿಟ್ಟುಕೊಡುವುದಾದರೆ 5.2ರಲ್ಲಿ ಕೊಡಲಿ.

ಪೈಥಾನ್ ವಿಷಯ ಇಲ್ಲೇ ಹೇಳಿಬಿಡಬೇಕು. 5.2ಕ್ಕೆ ಕನಿಷ್ಠ ಪೈಥಾನ್ 3.10 ಬೇಕು, 6.0ಕ್ಕೆ 3.12. ಈಗಲೇ 3.12 ಹಾಕಿಕೊಂಡರೆ ಎರಡು ಸಲ ಕೆಲಸ ಮಾಡುವುದು ತಪ್ಪುತ್ತದೆ. ಡೇಟಾಬೇಸ್ ಪೋಸ್ಟ್‌ಗ್ರೆಸ್ ಆಗಿದ್ದರೆ 14 ಅಥವಾ ಅದಕ್ಕಿಂತ ಹೊಸತಿರಬೇಕು.

ಮೂರು ಬೈಟ್, ನಾಲ್ಕು ಬೈಟ್

ಹೊಸತೇನು ಎಂದು ಹುಡುಕಿದವರಿಗೆ 5.2ರ ಮುಖ್ಯ ಸಂಗತಿಗಳಾಗಿ ಮೂರು ಕಾಣುತ್ತವೆ: ಹಲವು ಕಾಲಂ ಸೇರಿದ ಪ್ರೈಮರಿ ಕೀ, ಶೆಲ್ ತೆರೆದ ಕೂಡಲೇ ಮಾಡೆಲ್‌ಗಳು ತಾವಾಗಿ ಬಂದು ಕೂರುವ ಸೌಕರ್ಯ, ಫಾರ್ಮ್‌ನ ಫೀಲ್ಡ್‌ಗಳನ್ನು ನಮಗೆ ಬೇಕಾದಂತೆ ತೋರಿಸಿಕೊಳ್ಳುವ ಸುಲಭ ದಾರಿ. ನನ್ನ ಮಟ್ಟಿಗೆ ಕರಾವಳಿಯ ಸೈಟ್‌ಗಳಿಗೆ ಇವೆಲ್ಲಕ್ಕಿಂತ ದೊಡ್ಡದು ಅದೇ ಆವೃತ್ತಿಯ ಸಣ್ಣಪುಟ್ಟ ಬದಲಾವಣೆಗಳ ನಡುವೆ ಕೂತಿರುವ ಒಂದೇ ಸಾಲು. ಮೈಎಸ್‌ಕ್ಯೂಎಲ್ ಜೊತೆ ಮಾತಾಡುವಾಗ ಜಾಂಗೊ ಇನ್ನು ಮುಂದೆ ತಾನಾಗಿ ಯುಟಿಎಫ್8ಎಂಬಿ4 ಎಂಬ ಅಕ್ಷರ ಸಂಕೇತವನ್ನು ಬಳಸುತ್ತದೆ. ಹಿಂದೆ ಬರೀ ಯುಟಿಎಫ್8 ಎಂದು ಕೇಳುತ್ತಿತ್ತು.

ವ್ಯತ್ಯಾಸ ಇಷ್ಟು. ಯುಟಿಎಫ್8ನಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಬಹುಕಾಲ ಯುಟಿಎಫ್8 ಎಂಬ ಹೆಸರಿನಲ್ಲಿ ಇದ್ದದ್ದು ಗರಿಷ್ಠ ಮೂರು ಬೈಟ್‌ನ ಸಂಕೇತಗಳನ್ನಷ್ಟೇ ಹಿಡಿಯುವ ಅರೆಬರೆ ರೂಪ. ಕನ್ನಡ ಅದರೊಳಗೆ ಹಿಡಿಯುತ್ತಿದ್ದುದರಿಂದ ನಮ್ಮಲ್ಲಿ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಮೊಬೈಲ್‌ನ ಇಮೋಜಿಗೆ ನಾಲ್ಕು ಬೈಟ್ ಬೇಕು. ಭಕ್ತರೊಬ್ಬರು ಸೇವಾ ಅರ್ಜಿಯ ಕೊನೆಗೆ ಕೈಮುಗಿದ ಇಮೋಜಿ ಒತ್ತಿದರೆ ಇಂಥ ಡೇಟಾಬೇಸ್ ದೋಷ ಸೂಚನೆ ಕೊಟ್ಟು ನಿಲ್ಲುತ್ತದೆ; ಕಟ್ಟುನಿಟ್ಟಿನ ಮೋಡ್ ಆಫ್ ಆಗಿದ್ದರೆ ಇನ್ನೂ ಕೆಟ್ಟದು, ಇಮೋಜಿಯಿಂದ ಮುಂದಿನ ಬರಹವನ್ನೆಲ್ಲ ಸದ್ದಿಲ್ಲದೆ ಕತ್ತರಿಸಿ ಉಳಿದದ್ದನ್ನು ಇಟ್ಟುಕೊಳ್ಳುತ್ತದೆ.

ಇಮೋಜಿ ಹೋದರೆ ಹೋಯಿತು ಎನ್ನಬಹುದು. ತುಳುವಿಗೆ ಹಾಗೆನ್ನಲಾಗದು. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯುನಿಕೋಡ್ 16.0ರಲ್ಲಿ ತುಳು-ತಿಗಳಾರಿ ಲಿಪಿಗೆ ಜಾಗ ಸಿಕ್ಕಿತು. ಆ ಲಿಪಿಯ ಪ್ರತಿಯೊಂದು ಸಂಕೇತವೂ ನಾಲ್ಕು ಬೈಟ್‌ನದು. ಉಡುಪಿಯ ಗ್ರಂಥಾಲಯವೊಂದು ತನ್ನ ತಾಳೆಗರಿಗಳ ಶೀರ್ಷಿಕೆಗಳನ್ನು ಮೂಲ ಲಿಪಿಯಲ್ಲೇ ದಾಖಲಿಸಲು ಹೊರಟರೆ, ಕನ್ನಡಕ್ಕೆ ಇಷ್ಟು ವರ್ಷ ಚೆನ್ನಾಗಿ ನಡೆದ ಅದೇ ಡೇಟಾಬೇಸ್ ಮೊದಲ ಅಕ್ಷರಕ್ಕೇ ಸೋಲುತ್ತದೆ. ಕನ್ನಡ ಲಿಪಿಯಲ್ಲಿ ಬರೆದ ತುಳುವಿಗೆ ಈ ತೊಂದರೆ ಇಲ್ಲ.

ಆದರೆ ಜಾಂಗೊ ಬದಲಾಯಿಸಿದ ಮಾತ್ರಕ್ಕೆ ಹಳೆಯ ಕೋಷ್ಟಕಗಳು ಬದಲಾಗುವುದಿಲ್ಲ. ಹೊಸ ಆವೃತ್ತಿ ಸರಿಪಡಿಸುವುದು ಸಂಪರ್ಕವನ್ನಷ್ಟೇ. ಮೈಎಸ್‌ಕ್ಯೂಎಲ್ 5.7ರ ಕಾಲದಲ್ಲಿ ಹುಟ್ಟಿ 8ಕ್ಕೆ ಸಾಗಿಸಿದ ಕೋಷ್ಟಕಗಳು ಹಳೆಯ ಸಂಕೇತದಲ್ಲೇ ಉಳಿದಿರುತ್ತವೆ. ಒಂದೊಂದನ್ನೂ ಆಲ್ಟರ್ ಟೇಬಲ್ ಆದೇಶದಿಂದ ಯುಟಿಎಫ್8ಎಂಬಿ4ಕ್ಕೆ ಪರಿವರ್ತಿಸಬೇಕು. ಅದಕ್ಕೆ ಮುಂಚೆ ಪೂರ್ತಿ ಬ್ಯಾಕಪ್ ತೆಗೆಯಿರಿ. ಬ್ಯಾಕಪ್ ಆದೇಶದಲ್ಲೂ ಯುಟಿಎಫ್8ಎಂಬಿ4 ಎಂದು ನಮೂದಿಸಿ. ಬಹಳ ಹಳೆಯ ಕೋಷ್ಟಕಗಳಲ್ಲಿ ಇಂಡೆಕ್ಸ್‌ನ ಮಿತಿ 767 ಬೈಟ್. 255 ಅಕ್ಷರದ ಕಾಲಂ ನಾಲ್ಕು ಬೈಟ್ ಲೆಕ್ಕದಲ್ಲಿ 1020 ಬೈಟ್ ಆಗುವುದರಿಂದ ಪರಿವರ್ತನೆ ಅರ್ಧಕ್ಕೇ ನಿಲ್ಲಬಹುದು. ಕೋಷ್ಟಕದ ರೋ ಫಾರ್ಮ್ಯಾಟನ್ನು ಮೊದಲು ಡೈನಮಿಕ್ ಮಾಡಿಕೊಂಡರೆ ಮಿತಿ 3072 ಬೈಟ್‌ಗೆ ಏರುತ್ತದೆ. ಇನ್ನೊಂದು ಮಾತು: ಡೇಟಾಬೇಸ್‌ನಲ್ಲಿ ಅಕ್ಷರ ಕೂತಿತೆಂದರೆ ಓದುಗರ ಫೋನಿನಲ್ಲಿ ಕಾಣುತ್ತದೆ ಎಂದಲ್ಲ. ತುಳು-ತಿಗಳಾರಿ ಫಾಂಟ್ ಇಲ್ಲದ ಫೋನಿನಲ್ಲಿ ಬರೀ ಚೌಕಗಳು ಕಾಣುತ್ತವೆ. ಹಾಗಾಗಿ ಫಾಂಟನ್ನೂ ಸೈಟ್ ಜೊತೆಗೇ ಕಳಿಸಬೇಕು.

‘ಉಡುಪಿ’ ಹೋಗಿ ‘ಉಡಪ’ ಆಗುವ ಕಥೆ

ಹೊಸ ಆವೃತ್ತಿಯಲ್ಲೂ ಸರಿಹೋಗದ ಒಂದು ದೋಷವನ್ನು ಕನ್ನಡದವರು ತಿಳಿದಿರಲೇಬೇಕು. ಲೇಖನದ ಶೀರ್ಷಿಕೆಯಿಂದ ಪುಟದ ವಿಳಾಸ ಮಾಡಿಕೊಡುವ ಸ್ಲಗಿಫೈ ಎಂಬ ಸೌಲಭ್ಯ ಜಾಂಗೊದಲ್ಲಿದೆ. ಯುನಿಕೋಡ್‌ಗೆ ಅನುಮತಿ ಕೊಟ್ಟು ಅದಕ್ಕೆ ‘ಉಡುಪಿ’ ಕೊಟ್ಟರೆ ‘ಉಡಪ’ ಎಂದು ಹಿಂದಿರುಗಿಸುತ್ತದೆ. ‘ಮಣಿಪಾಲ’ ‘ಮಣಪಲ’ ಆಗುತ್ತದೆ, ‘ಕಾರ್ಕಳ’ ‘ಕರಕಳ’ ಆಗುತ್ತದೆ. ಅದು ಬಳಸುವ ಪೈಥಾನ್‌ನ ಹುಡುಕು ನಿಯಮ ಸ್ವತಂತ್ರ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗವೆಂದು ಒಪ್ಪುತ್ತದೆ. ಕೊಂಬು, ಗುಡಿಸು, ದೀರ್ಘ, ಸೊನ್ನೆ, ಅರ್ಧಾಕ್ಷರದ ಸಂಕೇತಗಳನ್ನು ಪದಕ್ಕೆ ಸೇರದ ಚಿಹ್ನೆಗಳೆಂದು ಕಿತ್ತು ಬಿಸಾಡುತ್ತದೆ. ಫಲವಾಗಿ ಕಾಪು, ಕೋಪ, ಕಪಿ, ಕೆಂಪು ನಾಲ್ಕೂ ‘ಕಪ’ ಎಂಬ ಒಂದೇ ವಿಳಾಸವಾಗುತ್ತವೆ. ಸ್ಲಗ್ ಫೀಲ್ಡ್‌ಗೆ ಯುನಿಕೋಡ್ ಅನುಮತಿ ಇದ್ದರೂ ಗುಣಿತಾಕ್ಷರವಿರುವ ಕನ್ನಡ ಪದವನ್ನು ಅದು ತಿರಸ್ಕರಿಸುವುದಕ್ಕೆ ಇದೇ ಕಾರಣ. ಬಳಕೆದಾರರ ಹೆಸರಿನ ಪರೀಕ್ಷೆಯೂ ಇದೇ ನಿಯಮದ ಮೇಲೆ ನಿಂತಿದೆ. ಹಾಗಾಗಿ ಕನ್ನಡದಲ್ಲಿ ಯೂಸರ್‌ನೇಮ್ ಕೊಟ್ಟವರಿಗೆ ‘ಸರಿಯಾದ ಹೆಸರು ಕೊಡಿ’ ಎಂಬ ಉತ್ತರ ಬರುತ್ತದೆ.

ಪರಿಹಾರ ಎರಡುಂಟು. ಯುನಿಕೋಡ್‌ನಲ್ಲಿ ಚಿಹ್ನೆ ವರ್ಗಕ್ಕೆ ಸೇರಿದ ಸಂಕೇತಗಳನ್ನೂ ಉಳಿಸಿಕೊಳ್ಳುವಂತೆ ನಿಮ್ಮದೇ ಸ್ಲಗ್ ಕಾರ್ಯ ಬರೆದು, ವಿಳಾಸದ ಮಾದರಿಯಲ್ಲಿ ಸ್ಲಗ್ ಬದಲು ಸ್ಟ್ರಿಂಗ್ ಪರಿವರ್ತಕ ಬಳಸುವುದು ಒಂದು. ವಿಳಾಸಕ್ಕೆ ಬರೀ ಸಂಖ್ಯೆ, ಬೇಕಿದ್ದರೆ ಜೊತೆಗೆ ರೋಮನ್ ಲಿಪಿಯ ಸಣ್ಣ ಪದ ಇಡುವುದು ಇನ್ನೊಂದು. ನಾನು ಎರಡನೆಯದರ ಪರ. ಕನ್ನಡ ವಿಳಾಸವನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದಾಗ ಅದು ಶೇಕಡಾ ಚಿಹ್ನೆಗಳ ರೂಪಕ್ಕೆ ತಿರುಗುವುದುಂಟು. ಆಗ ಒಂದೊಂದು ಸಂಕೇತಕ್ಕೆ ಒಂಬತ್ತು ಅಕ್ಷರ. ‘ಉಡುಪಿ’ ಒಂದಕ್ಕೇ 45. ಶೀರ್ಷಿಕೆ ಕನ್ನಡದಲ್ಲಿರಲಿ, ಪುಟದಲ್ಲಿ ದೊಡ್ಡದಾಗಿ ಕಾಣಲಿ. ವಿಳಾಸ ಚಿಕ್ಕದಿದ್ದರೆ ಕಳಿಸಿದವರಿಗೂ ಪಡೆದವರಿಗೂ ಅನುಕೂಲ.

ಹುಡುಕಾಟದಲ್ಲಿ ಇನ್ನೊಂದು ಬಲೆಯಿದೆ. ‘ಕೋಟ’ದ ‘ಕೋ’ವನ್ನು ಯುನಿಕೋಡ್‌ನಲ್ಲಿ ಒಂದೇ ಓತ್ವದ ಸಂಕೇತದಿಂದಲೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಎಂದು ಬಿಡಿಬಿಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡೇಟಾಬೇಸ್‌ಗೆ ಬೇರೆ ಬೇರೆ. ಹಳೆಯ ನುಡಿ, ಬರಹ, ಶ್ರೀಲಿಪಿ ಕಡತಗಳನ್ನು ಯುನಿಕೋಡ್‌ಗೆ ತಿರುಗಿಸಿದ ಪಠ್ಯದಲ್ಲಿ ಬಿಡಿ ರೂಪ ನುಸುಳಿರಬಹುದು. ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ ಕೀಲಿಮಣೆಯಲ್ಲಿ ದಶಕಗಟ್ಟಲೆ ಟೈಪ್ ಮಾಡಿಟ್ಟ ಸಂಪತ್ತು ನಮ್ಮ ಸಂಸ್ಥೆಗಳಲ್ಲಿ ಬಹಳವಿದೆ. ಅದನ್ನು ಸೈಟ್‌ಗೆ ತುಂಬುವ ಮುನ್ನ ಪ್ರತಿ ಪಠ್ಯವನ್ನೂ ಪೈಥಾನ್‌ನ ಯುನಿಕೋಡ್‌ಡೇಟಾ ಮಾಡ್ಯೂಲ್‌ನಿಂದ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಫಾರ್ಮ್‌ನ ಕ್ಲೀನ್ ಹಂತದಲ್ಲೂ ಹುಡುಕು ಪೆಟ್ಟಿಗೆಯಲ್ಲೂ ಅದೇ ಒಂದು ಸಾಲು ಇರಲಿ. ‘ಸಾಫ್ಟ್‌ವೇರ್’ನಂಥ ಪದಗಳ ನಡುವೆ ಅಡಗಿ ಕೂರುವ, ಕಣ್ಣಿಗೆ ಕಾಣದ ಜೋಡಣೆ-ತಡೆ ಸಂಕೇತ ಕೆಲವರ ಟೈಪಿಂಗ್‌ನಲ್ಲಿ ಇರುತ್ತದೆ, ಕೆಲವರದರಲ್ಲಿ ಇರುವುದಿಲ್ಲ. ತೋರಿಸುವ ಪಠ್ಯದಲ್ಲಿ ಅದನ್ನು ಹಾಗೇ ಉಳಿಸಿ, ಹುಡುಕಲೆಂದು ಅದನ್ನು ತೆಗೆದ ಇನ್ನೊಂದು ಕಾಲಂ ಇಟ್ಟುಕೊಳ್ಳಿ.

ಅಕಾರಾದಿಯ ವಿಷಯವೂ ಹೀಗೆಯೇ. ಯುನಿಕೋಡ್‌ನ ಸಂಖ್ಯಾಕ್ರಮದಲ್ಲಿ ‘ಳ’ ಬರುವುದು ‘ಲ’ದ ಬೆನ್ನಿಗೆ, ನಮ್ಮ ನಿಘಂಟುಗಳಲ್ಲಿ ‘ಹ’ ಆದ ಮೇಲೆ. ಬರೀ ಸಂಖ್ಯಾಕ್ರಮದಲ್ಲಿ ಜೋಡಿಸಿದರೆ ‘ಮಳೆ’ ‘ಮಹಡಿ’ಗಿಂತ ಮೊದಲು ಬರುತ್ತದೆ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟಿನಂಥ ಕೃತಿಯನ್ನು ಜಾಲಕ್ಕೆ ತರುವ ಕನಸಿದ್ದವರಿಗೆ ಇದು ಸಣ್ಣ ಮಾತಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಕನ್ನಡದ ಐಸಿಯು ಕೊಲೇಷನ್ ಆರಿಸಿಕೊಳ್ಳಬಹುದು, ಜಾಂಗೊ ಮಾಡೆಲ್‌ನಲ್ಲೇ ಕಾಲಂಗೆ ಅದನ್ನು ನಮೂದಿಸಬಹುದು. ಆರಿಸಿದ ಮೇಲೆ ಅಚ್ಚಿನ ನಿಘಂಟಿನ ಒಂದೆರಡು ಪುಟ ಪಕ್ಕದಲ್ಲಿಟ್ಟು ಕ್ರಮ ತಾಳೆಯಾಗುತ್ತದೋ ನೋಡಿ.

ಕಾಲಂನ ಉದ್ದ ನಿಗದಿ ಮಾಡುವಾಗಲೂ ಜೋಪಾನ. ‘ಶ್ರೀಕೃಷ್ಣ’ ನಮ್ಮ ನಾಲಿಗೆಗೆ ಮೂರಕ್ಷರ, ಜಾಂಗೊಗೆ ಒಂಬತ್ತು. ಇಂಗ್ಲಿಷ್ ಹೆಸರಿಗೆ 50 ಸಾಕೆನಿಸಿದಲ್ಲಿ ಕನ್ನಡಕ್ಕೆ 150 ಕೊಡಿ.

ಸಂಜೆಯ ಚೌಕಿಪೂಜೆ ನಡುರಾತ್ರಿಗೆ

4.2ರಿಂದ ಏರುವಾಗ ಪೆಟ್ಟು ಬೀಳುವ ಜಾಗಗಳಲ್ಲಿ ಮೊದಲನೆಯದು ಸಮಯ. ಯೂಸ್ ಟಿಝಡ್ ಎಂಬ ಸೆಟ್ಟಿಂಗ್ 5.0ರಿಂದ ತಾನಾಗಿ ಆನ್ ಆಗಿರುತ್ತದೆ, ಮೊದಲು ಆಫ್ ಇತ್ತು. ಅದನ್ನು ಸ್ಪಷ್ಟವಾಗಿ ಬರೆಯದೇ ಬಿಟ್ಟ ಸೈಟ್, ಡೇಟಾಬೇಸ್ ಮೈಎಸ್‌ಕ್ಯೂಎಲ್ ಅಥವಾ ಎಸ್‌ಕ್ಯೂಲೈಟ್ ಆಗಿದ್ದರೆ, ಹಳೆಯ ಭಾರತೀಯ ಸಮಯವನ್ನೆಲ್ಲ ಗ್ರೀನಿಚ್ ಸಮಯವೆಂದು ಓದಿ ಐದೂವರೆ ಗಂಟೆ ಮುಂದೆ ಹಾಕಿ ತೋರಿಸುತ್ತದೆ. ಸಂಜೆ 6:30ರ ಯಕ್ಷಗಾನದ ಚೌಕಿಪೂಜೆ ನಡುರಾತ್ರಿ 12ಕ್ಕೆ, ಅದೂ ಮರುದಿನದ ತಾರೀಕಿನಲ್ಲಿ ಕಾಣುತ್ತದೆ. ಮೇಳದ ತಿರುಗಾಟದ ಪಟ್ಟಿಯಲ್ಲಿ ಹೀಗಾದರೆ ಆಟ ನೋಡಲು ಹೊರಟವರು ಖಾಲಿ ಗದ್ದೆಗೆ ಹೋಗಿ ನಿಲ್ಲುತ್ತಾರೆ. ಮೇಲ್ದರ್ಜೆಗೇರುವ ಮುನ್ನವೇ ಆ ಸೆಟ್ಟಿಂಗನ್ನು ಆಫ್ ಎಂದು ಬರೆದಿಟ್ಟು, ಹಳೆಯ ಸಮಯಗಳನ್ನು ಪರಿವರ್ತಿಸುವ ಕೆಲಸವನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳಿ. ಎರಡನ್ನೂ ಒಂದೇ ದಿನ ಮಾಡಿದರೆ ತಪ್ಪು ಎಲ್ಲಿಂದ ಬಂತೆಂದು ಹುಡುಕುವುದು ಕಷ್ಟ.

ಎರಡನೆಯದು ಲಾಗ್‌ಔಟ್. ಬರೀ ಕೊಂಡಿ ಒತ್ತಿ ಹೊರಬರುವ ಪದ್ಧತಿ 5.0ರಲ್ಲಿ ನಿಂತುಹೋಗಿದೆ. ಈಗ ಪೋಸ್ಟ್ ವಿಧಾನದ ಸಣ್ಣ ಫಾರ್ಮ್ ಬೇಕು, ಇಲ್ಲವಾದರೆ 405 ಎಂಬ ದೋಷ ಕಾಣುತ್ತದೆ. ಕಡತಗಳನ್ನು ಎಲ್ಲಿಡಬೇಕೆಂದು ಹೇಳುವ ಎರಡು ಹಳೆಯ ಸೆಟ್ಟಿಂಗ್‌ಗಳು 5.1ರಲ್ಲಿ ಹೋಗಿ ಸ್ಟೋರೇಜಸ್ ಎಂಬ ಒಂದೇ ಸೆಟ್ಟಿಂಗ್ ಉಳಿದಿದೆ. ಸಮಯವಲಯಕ್ಕೆ ಪೈಟಿಝಡ್ ಪ್ಯಾಕೇಜ್ ಬಳಸಿದ್ದರೆ ಅದನ್ನೂ ತೆಗೆಯಬೇಕು.

ಹರಕೆ ಆಟದ ಪುಸ್ತಕಕ್ಕೆ ಯಾವ ಕೀ?

ಮಂದಾರ್ತಿಯಂಥ ಕ್ಷೇತ್ರದ ಯಕ್ಷಗಾನದ ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಚಿತವಾಗಿ ಹೆಸರು ಬರೆಸಬೇಕು. ಒಂದು ಮೇಳ ಒಂದು ರಾತ್ರಿ ಒಂದೇ ಕಡೆ ಆಟ ಕೊಡಬಲ್ಲದು. ಅಂಥ ಬುಕಿಂಗ್ ಪುಸ್ತಕ ಮಾಡುವವರಿಗೆ 5.2ರ ಕಾಂಪೊಸಿಟ್ ಪ್ರೈಮರಿ ಕೀ ಹೇಳಿ ಮಾಡಿಸಿದಂತೆ ಕಾಣುತ್ತದೆ: ಮೇಳ ಮತ್ತು ತಾರೀಕು ಸೇರಿ ಒಂದು ಕೀ, ಎರಡನೆಯ ಬುಕಿಂಗ್‌ಗೆ ಎಡೆಯೇ ಇಲ್ಲ. ಹಾಗಿದ್ದರೂ ನನ್ನ ಸಲಹೆ, ಬಳಸಬೇಡಿ. ಇಂಥ ಕೀ ಇರುವ ಮಾಡೆಲನ್ನು ಅಡ್ಮಿನ್ ಪುಟಕ್ಕೆ ಸೇರಿಸಲಾಗುವುದಿಲ್ಲ, ಬೇರೆ ಕೋಷ್ಟಕದಿಂದ ಫಾರಿನ್ ಕೀ ಮೂಲಕ ಅದನ್ನು ತೋರಿಸಲೂ ಆಗುವುದಿಲ್ಲ. ಕಚೇರಿಯ ಗುಮಾಸ್ತರು ದಿನವೂ ಕೂತು ಕೆಲಸ ಮಾಡುವುದು ಅಡ್ಮಿನ್ ಪುಟದಲ್ಲೇ ಆದಾಗ ಅದನ್ನು ಕಳೆದುಕೊಂಡು ಪ್ರಯೋಜನವೇನು? ಎಂದಿನಂತೆ ಒಂದು ಐಡಿ ಇರಲಿ, ಮೇಳ ಮತ್ತು ತಾರೀಕಿನ ಮೇಲೆ ಯೂನೀಕ್ ಕನ್‌ಸ್ಟ್ರೇಂಟ್ ಹಾಕಿ. ಇಮ್ಮಡಿ ಬುಕಿಂಗನ್ನು ಅದೇ ತಡೆಯುತ್ತದೆ. ಕಾಂಪೊಸಿಟ್ ಕೀ ಉಪಯೋಗಕ್ಕೆ ಬರುವುದು ಬೇರೆ ತಂತ್ರಾಂಶದವರು ಮೊದಲೇ ಹಾಗೆ ಕಟ್ಟಿಟ್ಟ ಹಳೆಯ ಡೇಟಾಬೇಸನ್ನು ಜಾಂಗೊದಿಂದ ಓದಬೇಕಾದಾಗ.

ಅದೇ ಪುಸ್ತಕಕ್ಕೆ 5.0ರಲ್ಲಿ ಬಂದ ಜನರೇಟೆಡ್ ಫೀಲ್ಡ್ ನಿಜವಾಗಿ ಒದಗುತ್ತದೆ. ಒಟ್ಟು ವೀಳ್ಯ, ಮುಂಗಡ ಎರಡು ಕಾಲಂ ಇದ್ದರೆ ಬಾಕಿ ಎಷ್ಟೆಂಬ ಲೆಕ್ಕವನ್ನು ಡೇಟಾಬೇಸ್ ತಾನೇ ಇಟ್ಟುಕೊಳ್ಳುತ್ತದೆ. ಯಾರೋ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತರು ಎಂಬ ಜಗಳಕ್ಕೆ ಜಾಗವಿಲ್ಲ. 5.0ರಲ್ಲೇ ಅಡ್ಮಿನ್ ಪಟ್ಟಿಯ ಫಿಲ್ಟರ್‌ಗಳ ಪಕ್ಕದಲ್ಲಿ ಎಷ್ಟೆಷ್ಟು ದಾಖಲೆ ಇವೆ ಎಂಬ ಎಣಿಕೆ ಕಾಣುವಂತಾಗಿದೆ. ಯಾವ ಮೇಳಕ್ಕೆ ಎಷ್ಟು ಆಟ ಗೊತ್ತಾಗಿದೆ ಎಂದು ನೋಡಲು ಬೇರೆ ವರದಿ ಬೇಡ.

5.1ರಿಂದ ಎರಡು ಸಂಗತಿ ಗಮನಿಸಬೇಕು. ಒಂದು, ಲಾಗಿನ್ ರಿಕ್ವೈರ್ಡ್ ಮಿಡಲ್‌ವೇರ್. ಇದನ್ನು ಹಾಕಿದರೆ ಎಲ್ಲ ಪುಟಗಳಿಗೂ ಲಾಗಿನ್ ಕಡ್ಡಾಯ. ಸಾರ್ವಜನಿಕ ಪುಟಗಳಿಗಷ್ಟೇ ವಿನಾಯಿತಿ ಬರೆಯಬೇಕು. ಅಂಕಪಟ್ಟಿ, ಸದಸ್ಯರ ವಿವರ ಇರುವ ಸೈಟ್‌ಗಳಲ್ಲಿ ಒಂದು ಪುಟಕ್ಕೆ ಬೀಗ ಹಾಕಲು ಮರೆತು ಎಲ್ಲವೂ ಹೊರಬೀಳುವ ಅಪಾಯ ಇದರಿಂದ ತಪ್ಪುತ್ತದೆ. ಕಾಲೇಜು ಮತ್ತು ಸಹಕಾರಿ ಸಂಘಗಳ ಒಳಬಳಕೆಯ ಸೈಟ್‌ಗಳಿಗೆ ಇದನ್ನು ಹಾಕಲೇಬೇಕೆಂಬುದು ನನ್ನ ಒತ್ತಾಯ. ಇನ್ನೊಂದು, ಪೋಸ್ಟ್‌ಗ್ರೆಸ್ ಸಂಪರ್ಕಗಳ ಪೂಲ್. ಎರಡು ವರ್ಷಕ್ಕೊಮ್ಮೆ ಜನವರಿ 18ರ ಉಡುಪಿ ಕೃಷ್ಣಮಠದ ಪರ್ಯಾಯದ ಹೊತ್ತಿಗೆ ಊರಿನ ವಸತಿಗೃಹ, ಸೇವೆ, ವಾಹನಗಳ ಸೈಟ್‌ಗಳ ಮೇಲೆ ಒಮ್ಮೆಲೇ ಜನ ಮುಗಿಬೀಳುತ್ತಾರೆ. ಪ್ರತಿ ಕೋರಿಕೆಗೂ ಹೊಸ ಸಂಪರ್ಕ ತೆರೆಯುವ ಬದಲು ತೆರೆದಿಟ್ಟ ಕೆಲವನ್ನೇ ಹಂಚಿಕೊಂಡರೆ ಸರ್ವರ್ ತಡೆದುಕೊಳ್ಳುತ್ತದೆ. ಸೈಕೊಪಿಜಿ 3 ಮತ್ತು ಅದರ ಪೂಲ್ ಪ್ಯಾಕೇಜ್ ಇದ್ದರೆ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಸಾಕು. ದಿನಕ್ಕೆ ನೂರಿನ್ನೂರು ಜನ ನೋಡುವ ಸೈಟ್‌ಗೆ ಇದರ ಅಗತ್ಯವಿಲ್ಲ.

ದೃಷ್ಟಿ ಇಲ್ಲದವರು ಸ್ಕ್ರೀನ್ ರೀಡರ್‌ನಲ್ಲಿ ಫಾರ್ಮ್ ತುಂಬಿಸುವಾಗ ಸೂಚನೆ ಮತ್ತು ತಪ್ಪಿನ ಸಂದೇಶ ಯಾವ ಫೀಲ್ಡ್‌ಗೆ ಸೇರಿದ್ದೆಂದು ಕೇಳಿಸಬೇಕು. 5.0ರಿಂದ 5.2ರವರೆಗೆ ಜಾಂಗೊ ಹಂತಹಂತವಾಗಿ ಇದನ್ನು ಸರಿಪಡಿಸಿದೆ. ಫಾರ್ಮನ್ನು ಕೈಯಿಂದ ಬರೆದ ಎಚ್‌ಟಿಎಂಎಲ್‌ನಲ್ಲಿ ಇಟ್ಟುಕೊಂಡವರಿಗೆ ಈ ಲಾಭ ಸಿಗದು. ಜಾಂಗೊದ ಫೀಲ್ಡ್ ಗ್ರೂಪ್ ಮಾದರಿಗೆ ಹೊರಳಿದವರಿಗೆ ಪುಕ್ಕಟೆ ಸಿಗುತ್ತದೆ. ಪಿಂಚಣಿ ಅರ್ಜಿ, ಆಸ್ಪತ್ರೆಯ ಟೋಕನ್‌ನಂಥ ಸೈಟ್ ಮಾಡುವವರು ಇದನ್ನು ನಾಳೆಗೆ ಮುಂದೂಡಬಾರದು.

6.0ರಲ್ಲಿ ಏನುಂಟು

ಮೂರು ಮುಖ್ಯ ಸಂಗತಿಗಳು. ಪುಟದೊಳಗೆ ಯಾವ ಯಾವ ಕಡೆಯಿಂದ ಸ್ಕ್ರಿಪ್ಟ್, ಚಿತ್ರ, ಫಾಂಟ್ ಬರಬಹುದೆಂದು ಬ್ರೌಸರ್‌ಗೆ ಪಟ್ಟಿ ಕೊಡುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಈಗ ಜಾಂಗೊದೊಳಗೇ ಇದೆ. ಯಾರೋ ನುಸುಳಿಸಿದ ಸ್ಕ್ರಿಪ್ಟ್ ಇದರಿಂದ ಓಡುವುದಿಲ್ಲ. ಆದರೆ ಯೂಟ್ಯೂಬ್ ವಿಡಿಯೊ, ಗೂಗಲ್ ಫಾಂಟ್‌ಗಳನ್ನು ಪಟ್ಟಿಗೆ ಸೇರಿಸಲು ಮರೆತರೆ ಅವೂ ನಿಲ್ಲುತ್ತವೆ. ಮೊದಲು ಬರೀ ವರದಿ ಮಾಡುವ ವಿಧಾನದಲ್ಲಿ ಕೆಲವು ದಿನ ಬಿಟ್ಟು ನೋಡಿ.

ಎರಡನೆಯದು ಹಿನ್ನೆಲೆ ಕೆಲಸಗಳು. ರಶೀದಿಯ ಇಮೇಲ್ ಹೋಗುವವರೆಗೆ ಭಕ್ತರನ್ನು ಕಾಯಿಸದೆ ಆ ಕೆಲಸವನ್ನು ಸರದಿಗೆ ಹಾಕಬಹುದು. ಇಲ್ಲಿ ಹಲವರು ಎಡವುತ್ತಾರೆ: ಕೆಲಸವನ್ನು ವಿವರಿಸುವ, ಸರದಿಗೆ ಹಾಕುವ ವ್ಯವಸ್ಥೆ ಮಾತ್ರ ಜಾಂಗೊದಲ್ಲಿದೆ, ಸರದಿಯಿಂದ ಎತ್ತಿ ಮಾಡಿ ಮುಗಿಸುವ ವರ್ಕರ್ ಹೊರಗಿನಿಂದ ತರಬೇಕು. ಜೊತೆಗೆ ಬರುವ ಎರಡು ಬ್ಯಾಕೆಂಡ್‌ಗಳಲ್ಲಿ ಒಂದು ಕೆಲಸವನ್ನು ಅಲ್ಲೇ ಆಗಲೇ ಮಾಡುತ್ತದೆ, ಇನ್ನೊಂದು ಮಾಡುವುದೇ ಇಲ್ಲ. ಅವು ಪರೀಕ್ಷೆಗೆ ಮಾತ್ರ. ಮೂರನೆಯದು ಟೆಂಪ್ಲೇಟ್ ಪಾರ್ಷಿಯಲ್: ಒಂದೇ ಕಡತದೊಳಗೆ ಪುಟದ ತುಂಡುಗಳಿಗೆ ಹೆಸರಿಟ್ಟು ಬೇಕಾದ್ದನ್ನು ಮಾತ್ರ ಕಳಿಸುವ ಅನುಕೂಲ. ಎಚ್‌ಟಿಎಂಎಕ್ಸ್ ಬಳಸುವವರಿಗೆ ಇಷ್ಟವಾದೀತು.

ಏರುವ ದಾರಿ

ನಡೆಯುತ್ತಿರುವ ಸೈಟ್‌ನಲ್ಲಿ ನೇರ ಕೈಯಿಡಬೇಡಿ. ಡೇಟಾಬೇಸ್‌ನ ನಕಲಿನೊಂದಿಗೆ ಬೇರೆ ಕಂಪ್ಯೂಟರ್‌ನಲ್ಲಿ ಸೈಟ್ ಎಬ್ಬಿಸಿ. 4.2ರಲ್ಲೇ ಇದ್ದುಕೊಂಡು, ಪೈಥಾನ್‌ನ ಎಚ್ಚರಿಕೆಗಳನ್ನೆಲ್ಲ ತೋರಿಸುವ ಆಯ್ಕೆ ಹಾಕಿ ಎಲ್ಲ ಪುಟ ಓಡಾಡಿ. ಮುಂದೆ ಯಾವುದು ಹೋಗಲಿದೆ ಎಂದು ಅದೇ ಹೇಳುತ್ತದೆ. ಅವನ್ನು ತಿದ್ದಿದ ಮೇಲೆ 5.0, 5.1, 5.2 ಎಂದು ಒಂದೊಂದೇ ಮೆಟ್ಟಿಲು ಏರಿ. ಒಂದೇ ಜಿಗಿತಕ್ಕೆ ಹೋದರೆ ಸಮಯ ಉಳಿದಂತೆ ತೋರುತ್ತದೆ, ಕೊನೆಗೆ ಹುಡುಕಾಟಕ್ಕೇ ಹೆಚ್ಚು ಹೋಗುತ್ತದೆ. ಜೊತೆಗೆ ಹಾಕಿಕೊಂಡ ಪ್ಯಾಕೇಜ್‌ಗಳು 5.2ನ್ನು ಬೆಂಬಲಿಸುತ್ತವೆಯೇ ಎಂದು ಮೊದಲೇ ನೋಡಿ. ಕೈಬಿಟ್ಟುಹೋದ ಪ್ಯಾಕೇಜ್ ಒಂದೇ ಎಷ್ಟೋ ಸೈಟ್‌ಗಳನ್ನು ಹಳೆಯ ಆವೃತ್ತಿಗೆ ಕಟ್ಟಿಹಾಕಿರುತ್ತದೆ.

ಪರೀಕ್ಷೆಗೆ ಇಂಗ್ಲಿಷಿನ ಮಾದರಿ ಪಠ್ಯ ಸಾಲದು. ಒತ್ತಕ್ಷರವಿರುವ ಹೆಸರು, ಜೋಡಣೆ-ತಡೆ ಸಂಕೇತವಿರುವ ಒಂದು ಪದ, ಎರಡೂ ರೂಪದ ‘ಕೋ’, ಒಂದು ಇಮೋಜಿ, ತುಳು-ತಿಗಳಾರಿಯ ಒಂದು ಅಕ್ಷರ, ಸಂಜೆ 6:30ರ ಒಂದು ದಾಖಲೆ: ಇಷ್ಟನ್ನು ಪ್ರತಿ ಮೆಟ್ಟಿಲಿನಲ್ಲೂ ತುಂಬಿ, ಉಳಿಸಿ, ಹುಡುಕಿ, ತಿರುಗಿ ತೆರೆದು ನೋಡಿ. ಕೊಟ್ಟದ್ದು ಕೊಟ್ಟಂತೆ ಬಂದರೆ ಮುಂದಕ್ಕೆ ಹೋಗಿ.

ಸೈಟ್ ನಿಮ್ಮದು, ಕೋಡ್ ಬೇರೆಯವರದು ಎಂದಾದರೆ ನೀವು ಕೇಳಬೇಕಾದ್ದು ನಾಲ್ಕೇ ಮಾತು. ಯಾವ ಆವೃತ್ತಿಯಲ್ಲಿದೆ? ಅದಕ್ಕೆ ಬೆಂಬಲ ಯಾವಾಗ ಮುಗಿಯುತ್ತದೆ? ಡೇಟಾಬೇಸ್‌ನ ಬ್ಯಾಕಪ್ ಎಲ್ಲಿದೆ, ಅದರಿಂದ ಸೈಟನ್ನು ಮತ್ತೆ ಎಬ್ಬಿಸಿ ನೋಡಿದ್ದೀರಾ? ಡೊಮೇನ್ ಮತ್ತು ಸರ್ವರ್ ಖಾತೆ ಸಂಸ್ಥೆಯ ಹೆಸರಿನಲ್ಲಿದೆಯೇ? ಕೊನೆಯ ಪ್ರಶ್ನೆಗೆ ಇಲ್ಲ ಎಂಬ ಉತ್ತರ ಬಂದರೆ ಜಾಂಗೊ ಆಮೇಲೆ, ಮೊದಲು ಅದನ್ನು ಸರಿಮಾಡಿಕೊಳ್ಳಿ.

ಇನ್ನುಳಿದದ್ದು ಅಡ್ಮಿನ್ ಪುಟದ ಭಾಷೆ. ಜಾಂಗೊ ಅಧಿಕೃತವಾಗಿ ಬೆಂಬಲಿಸುವ ಭಾಷೆಗಳಲ್ಲಿ ಕನ್ನಡವೂ ಇದೆ; ಸೆಟ್ಟಿಂಗ್‌ನಲ್ಲಿ ಭಾಷಾ ಸಂಕೇತ ಬದಲಿಸಿದರೆ ಗುಂಡಿಗಳು, ಸಂದೇಶಗಳು ಕನ್ನಡಕ್ಕೆ ತಿರುಗುತ್ತವೆ. ಎಲ್ಲವೂ ಅಲ್ಲ. ಹೊಸ ಸವಲತ್ತುಗಳ ಅನೇಕ ವಾಕ್ಯಗಳಿಗೆ ಅನುವಾದವಿಲ್ಲದೆ ಪುಟ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಆಗಿ ನಿಲ್ಲುತ್ತದೆ. ಈ ಅನುವಾದ ನಡೆಯುವುದು ಟ್ರಾನ್ಸಿಫೆಕ್ಸ್ ಎಂಬ ತಾಣದಲ್ಲಿ, ಯಾರು ಬೇಕಾದರೂ ಖಾತೆ ತೆರೆದು ಕನ್ನಡ ತಂಡ ಸೇರಬಹುದು. ಪ್ರೋಗ್ರಾಮಿಂಗ್ ಬರಬೇಕೆಂದಿಲ್ಲ, ಒಳ್ಳೆಯ ಕನ್ನಡ ಬಂದರೆ ಸಾಕು. ನಿಟ್ಟೆ, ಬಂಟಕಲ್ಲು, ಮಣಿಪಾಲದ ವಿದ್ಯಾರ್ಥಿಗಳು ಎಂಜಿಎಂ, ಭುವನೇಂದ್ರ ಕಾಲೇಜುಗಳ ಕನ್ನಡ ವಿಭಾಗದವರನ್ನು ಜೊತೆಗೆ ಕೂರಿಸಿಕೊಂಡರೆ ಒಂದು ರಜೆಯೊಳಗೆ ಅಡ್ಮಿನ್ ಪುಟದ ಬಹುಪಾಲು ವಾಕ್ಯಗಳನ್ನು ಮುಗಿಸಬಹುದು. ಮೊದಲಿಗೆ ತಪ್ಪಿನ ಸಂದೇಶಗಳನ್ನು ಎತ್ತಿಕೊಳ್ಳಿ. ಫಾರ್ಮ್ ತುಂಬುವವರು ಕಂಗಾಲಾಗುವುದು ಅಲ್ಲೇ.